ಗಡಿಯಲ್ಲಿ ಕಟ್ಟಿದ ಬಿದಿರು

ಹಂದಿಜ್ವರದ ವರ್ಷ ಶುಂಠಿ ಕೊಳ್ಳಲು ಬಂದ ಕೇರಳದ ಲಾರಿಯನ್ನು ನಮ್ಮೂರವರು ಊರ ಗಡಿಯಲ್ಲಿ ಅಡ್ಡ ಬಿದಿರು ಕಟ್ಟಿ ನಿಲ್ಲಿಸಿದರು. ನಾನು ಕಿತ್ತಿಟ್ಟ ಶುಂಠಿ ಕೊಳೆಯತೊಡಗಿತ್ತು.

“ಲಾರಿ ಜತೆ ರೋಗ ಬತ್ತದೆ ಕಣಣ್ಣ,” ಎಂದ, ಮುಂದೆ ನಿಂತು ಬಿದಿರು ಕಟ್ಟಿಸಿದ್ದ ಪುಟ್ಟಸ್ವಾಮಿ.

ನನಗೆ ಮೈಯೆಲ್ಲ ಉರಿಯಿತು. “ನಿನ್ನ ಮಗಳ ಜ್ವರ ಬಿಡಿಸಿದ ಮಾತ್ರೆ ಹೊರದೇಶದ್ದು ಅಂತ ಡಾಕ್ಟ್ರೇ ಅಂದ್ರಲ್ಲ. ಅವರೂ ಇಂಗೇ ಬಿದಿರು ಕಟ್ಟಿದ್ರೆ? ನಮ್ಮ ಶುಂಠಿನೂ ಹಡಗು ಹತ್ತಿ ಅಂಥ ದೇಶಕ್ಕೇ ಓಗೋದು ಕಣ್ಲಾ!”

“ಮಾತ್ರೆ ಬ್ಯಾರೆ, ಲಾರಿ ಬ್ಯಾರೆ, ಬುಡಣ್ಣ.”

ಮಾರನೆಯ ಬೆಳಿಗ್ಗೆ, ರೋಗ ತೊಲಗಲೆಂದು ಮಾರಮ್ಮನನ್ನು ಮೆರವಣಿಗೆಯಲ್ಲಿ ಗಡಿ ದಾಟಿಸಿ ಬಿಡುವ ಶಾಸ್ತ್ರವಿತ್ತು. ನಮ್ಮ ರೋಗ ಪಕ್ಕದೂರಿಗೆ ಹೋಗಬಹುದು, ಹೊರಗಿನ ಲಾರಿ ಮಾತ್ರ ಬರಬಾರದು! ಆದರೆ ತಾಯಿ ದಾಟಬೇಕಲ್ಲ. ಪುಟ್ಟಸ್ವಾಮಿಯೇ ಬಿದಿರು ಬಿಚ್ಚಿದ. ಅವಳು ಅತ್ತ ಹೋದಳು, ಲಾರಿ ಇತ್ತ ಬಂತು. ಆ ದಿನ ತಾಯಿಗೆ ಎರಡು ಸಲ ಕೈಮುಗಿದೆ, ಒಂದು ಶುಂಠಿಯ ಪರವಾಗಿ.