ಚಿಕ್ಕಮ್ಮ ಕುದುರೆ ಹತ್ತಿದ ಧನುರ್ಮಾಸ

ತಪ್ಪು ನನ್ನದೇ. ಚಿಕ್ಕಮ್ಮ ಕುದುರೆಯ ಮೇಲೆ ಕೂತಿದ್ದಾಗ ಬಾಯಲ್ಲಿ ಮದುವೆ ಬ್ಯಾಂಡ್ ಬಾರಿಸಿದವನು ನಾನು. ಆಮೇಲೆ ಆ ತಪ್ಪು ಮುಚ್ಚಲು ಅವರದೇ ಸೀರೆ ಸುತ್ತಿಕೊಂಡು ಅದೇ ಕುದುರೆ ಹತ್ತಿದವನೂ ನಾನೇ. ಎರಡರಲ್ಲಿ ಯಾವುದು ಹೆಚ್ಚಿನ ದಡ್ಡತನ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಚಿಕ್ಕಪ್ಪ ಚನ್ನರಾಯಪಟ್ಟಣದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರು ಬರೆಯುವುದು ಕುದುರೆ, ಕುದುರೆ ಮಾತ್ರ. ಗೃಹಪ್ರವೇಶಕ್ಕೆ ಏಳು ಕುದುರೆ ಓಡುವ ಚಿತ್ರ ಬೇಕೆಂದು ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಜನ ಹುಡುಕಿಕೊಂಡು ಬರುತ್ತಾರೆ. ಮನೆಯ ಹಾಲ್‌ನಲ್ಲಿ ಏಳು ಕುದುರೆ, ಮಲಗುವ ಕೋಣೆಯಲ್ಲಿ ಮೂರು, ಅಡುಗೆಮನೆ ಬಾಗಿಲ ಪಕ್ಕ ಒಂದು ಮರಿ. ಪ್ರೈಮರಿ ಸ್ಕೂಲ್ ಟೀಚರ್ ಆಗಿರುವ ಚಿಕ್ಕಮ್ಮನ ಚಿತ್ರ ಎಲ್ಲೂ ಇಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದರಂತೆ. "ಮೊದಲು ಕುದುರೆ ಕೈಗೆ ಕೂರಲಿ" ಅಂದಿದ್ದರಂತೆ ಚಿಕ್ಕಪ್ಪ. ಕುದುರೆ ಕೈಗೆ ಕೂತು ಮೂವತ್ತು ವರ್ಷವಾಯಿತು.

ಹೋದ ಚಳಿಗಾಲ ಚಿಕ್ಕಮ್ಮ ಕಾಫಿ ಲೋಟ ಇಡುತ್ತಾ ನಗುನಗುತ್ತಲೇ ಅಂದರು, "ರೀ, ನನ್ನನ್ನೂ ಒಂದು ಕುದುರೆ ಮೇಲೆ ಕೂರಿಸಿ ಬರೀರಿ. ಆಗಲಾದ್ರೂ ಕಣ್ಣಿಗೆ ಬೀಳ್ತೀನೇನೋ."

ನಗುತ್ತಾ ಅಂದರೂ ಲೋಟ ಇಟ್ಟ ಸದ್ದು ಜೋರಾಗಿಯೇ ಇತ್ತು. ಹಾಸನದಲ್ಲಿ ಬಿ.ಎಡ್. ಓದುತ್ತಾ ರಜೆಗೆ ಬಂದಿದ್ದ ನನಗೇ ಅದು ಕೇಳಿಸಿತು, ಚಿಕ್ಕಪ್ಪನಿಗೆ ಕೇಳಿಸದೆ ಇರುತ್ತದೆಯೇ.

ಕುದುರೆಗೆ ಕಷ್ಟಪಡಬೇಕಾಗಲಿಲ್ಲ. ಧನುರ್ಮಾಸದಲ್ಲಿ ಲಗ್ನವಿಲ್ಲ, ಗಂಡನ್ನು ಮೆರೆಸುವ ಬಿಳಿ ಕುದುರೆಗೆ ಕೆಲಸವಿಲ್ಲ. ದಂಡಿಗನಹಳ್ಳಿ ಕಡೆಯ ಕುದುರೆಯವನು ಸಂತೋಷವಾಗಿಯೇ ಒಪ್ಪಿದ. "ಸಂಕ್ರಾಂತಿ ಗಂಟ ನಿಮ್ದೇ ಸಾ. ಆಮೇಕೆ ಕೇಳ್ಬ್ಯಾಡಿ, ಮದ್ವೆಗೊಳು ಬುಕ್ಕಾಗವೆ."

ಮೊದಲ ದಿನ ಕೆರೆ ಏರಿಯ ಮೇಲೆ ಮಂಜು ಎಷ್ಟಿತ್ತೆಂದರೆ ತೆಂಗಿನ ಮರಗಳಿಗೆ ತಲೆಯೇ ಇರಲಿಲ್ಲ. ಚಿಕ್ಕಮ್ಮ ಹಸಿರು ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಕಲ್ಲಿನ ಮೇಲೆ ನಿಂತು, ಕುದುರೆಯವನ ಹೆಗಲು ಹಿಡಿದು ಹತ್ತಿಯೇಬಿಟ್ಟರು. ಮೇಲೆ ಕೂತ ಮೇಲೆ ಅವರ ಮುಖದಲ್ಲಿ ಒಂದು ಬೆಳಕು ಬಂತು ನೋಡಿ, ಮೊದಲ ಸಲ ಸೈಕಲ್ ಬ್ಯಾಲೆನ್ಸ್ ಸಿಕ್ಕ ಹುಡುಗಿಯ ಮುಖ. ಅದನ್ನು ನಾನು ನೋಡಿದೆ, ಕುದುರೆಯವನು ನೋಡಿದ. ಚಿಕ್ಕಪ್ಪ ನೋಡಲಿಲ್ಲ. ಅವರದು ಯಾವಾಗಲೂ ಗೊರಸಿನಿಂದ ಶುರು. ಬಗ್ಗಿ ಕುದುರೆಯ ಹಿಂಗಾಲು ನೋಡುತ್ತಿದ್ದರು.

ಆಗಲೇ ನನ್ನ ಬಾಯಿ ತುರಿಸಿದ್ದು. ಸುಮ್ಮನೆ ನಾಲ್ಕು ಏಟು ಬ್ಯಾಂಡ್, ನಡುವೆ ಸ್ವಲ್ಪ ತಮಟೆ. ಕುದುರೆ ಕಿವಿ ನಿಮಿರಿಸಿತು, ಮುಂಗಾಲೆತ್ತಿತು, ಒಂದು ಹೆಜ್ಜೆ ಎಡಕ್ಕೆ, ಒಂದು ಬಲಕ್ಕೆ.

"ಲೋ, ನಿಲ್ಸೋ, ನಿಲ್ಸೋ" ಎನ್ನುತ್ತಾ ಚಿಕ್ಕಮ್ಮ ಎರಡೂ ಕೈಯಲ್ಲಿ ಜೂಲು ಹಿಡಿದರು.

"ಬಾಯ್ ಮುಚ್ಲಾ" ಎಂದ ಕುದುರೆಯವನು ನನಗೆ. "ಅದು ಕಲ್ಯಾಣಮಂಟಪ ಬರೋಗಂಟ ನಿಲ್ಲಾಕಿಲ್ಲ ಕಣ್ಲಾ."

ಏರಿಯ ಅರ್ಧ ಕುಣಿದು ನಿಂತಿತು. ಇಳಿದ ಚಿಕ್ಕಮ್ಮ ನನ್ನ ಕಡೆ ನೋಡಲೂ ಇಲ್ಲ. "ನನಗೆ ಸ್ಕೂಲಿಗೆ ಹೊತ್ತಾಯ್ತು" ಎಂದು ನಡೆದರು. ಮತ್ತೆ ಹತ್ತುವ ಮಾತಿಲ್ಲ.

"ನೆನಪಿನಿಂದಲೇ ಬರೀತೀನಿ ಬಿಡು" ಎಂದು ಚಿಕ್ಕಪ್ಪ ಆ ಸಂಜೆ ಹೆಂಡತಿಗೆ ಮಾತು ಕೊಟ್ಟರು. ಮರುದಿನ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು. "ಅವಳ ಮೂತಿ, ಕೂದಲು ನೆನಪಿದೆ ಕಣೋ. ಕೂತ ಭಂಗಿಯೇ ಬರ್ತಿಲ್ಲ."

ಚಿಕ್ಕಮ್ಮನ ಮಿಮಿಕ್ರಿ ನನ್ನ ಅತ್ಯುತ್ತಮ ಐಟಂ. ಗಲ್ಲ ಮೇಲಕ್ಕೆ, ಕನ್ನಡಕ ಮೂಗಿನ ತುದಿಗೆ, ಎಡಗೈ ಸೊಂಟಕ್ಕೆ, ತಡವಾಗಿ ಬಂದ ಹುಡುಗನನ್ನು ನೋಡುವ ಒಂದು ಹುಬ್ಬು. ನೆಂಟರ ಮನೆಗಳಲ್ಲೆಲ್ಲ ಕೇಳಿ ಮಾಡಿಸಿಕೊಳ್ಳುತ್ತಾರೆ. ಹಾಗಾಗಿ ಬೀರುವಿನ ತಳದಿಂದ ಅವರ ಹಳೇ ಸೀರೆ, ಹಸಿರು ಸ್ವೆಟರ್ ಚೀಲದೊಳಗೆ ಸೇರಿದವು. ಐದು ಬೆಳಗು ನಾನು ಆ ಕುದುರೆಯ ಮೇಲೆ ಚಿಕ್ಕಮ್ಮನಾಗಿ ಕೂತೆ. ಕೆರೆಗೆ ವಾಕಿಂಗ್ ಬಂದ ಒಬ್ಬ ಹಿರಿಯರು "ನಮಸ್ಕಾರ ಟೀಚರ್" ಎಂದು ಮುಂದೆ ಹೋದರು. ನಾನು ಹುಬ್ಬೆತ್ತಿದೆ. ಅವರು ಹೆಜ್ಜೆ ಜೋರು ಮಾಡಿದರು.

"ಅದೇ, ಅದೇ, ಹಾಗೇ ಇರು" ಅನ್ನುತ್ತಿದ್ದರು ಚಿಕ್ಕಪ್ಪ.

ಹುಬ್ಬು ನಿಜಕ್ಕಿಂತ ಒಂದು ಬೆರಳು ಮೇಲಿದೆ ಎಂದು ನನಗೆ ಗೊತ್ತಿತ್ತು. ಮಿಮಿಕ್ರಿಯವನು ಯಾವುದನ್ನಾದರೂ ಸ್ವಲ್ಪ ಎತ್ತಲೇಬೇಕು, ಇಲ್ಲದಿದ್ದರೆ ಜನ ನಗುವುದಿಲ್ಲ. ಮೊದಲ ದಿನದ ಆ ಬೆಳಕಿನ ಮುಖವನ್ನೂ ಒಮ್ಮೆ ಮಾಡಲು ನೋಡಿದೆ. ಬರಲಿಲ್ಲ. "ಹಲ್ಲು ನೋವಾ?" ಎಂದು ಕುದುರೆಯವನು ಕೇಳಿದ ಮೇಲೆ ಬಿಟ್ಟುಬಿಟ್ಟೆ.

ಸಂಕ್ರಾಂತಿಗೆ ಎರಡು ದಿನವಿದ್ದಾಗ ಚಿತ್ರ ಮುಗಿಯಿತು. ಚಿಕ್ಕಮ್ಮ ಹಾಲ್‌ನಲ್ಲಿ ಕೂತು ಎಳ್ಳುಬೆಲ್ಲ ಬೆರೆಸುತ್ತಿದ್ದರು. ಚಿಕ್ಕಪ್ಪ ಪಂಚೆ ಮುಚ್ಚಿದ್ದ ಚಿತ್ರ ತಂದು ಗೋಡೆಗೆ ಒರಗಿಸಿ, ಪಂಚೆ ತೆಗೆದು, ಕೈ ಕಟ್ಟಿ ನಿಂತರು. ಸಾವಿರಾರು ಮಕ್ಕಳ ಡ್ರಾಯಿಂಗ್‌ಗೆ ಅಂಕ ಹಾಕಿದವರು, ಆ ಹೊತ್ತಿಗೆ ಅಂಕಕ್ಕೆ ಕಾಯುವ ಹುಡುಗನಂತೆ ಕಂಡರು.

ಚಿಕ್ಕಮ್ಮ ಕೈ ಒರೆಸಿಕೊಂಡು ಎದ್ದು ಬಂದರು. ಬಹಳ ಹೊತ್ತು ನೋಡಿದರು. ಕುದುರೆಯ ಮೂಗಿನಿಂದ ಬರುವ ಹಬೆಯನ್ನು ಬೆರಳಲ್ಲಿ ತೋರಿಸಿ "ಚೆನ್ನಾಗಿದೆ" ಅಂದರು. ಚಿಕ್ಕಪ್ಪ ಕೈ ಬಿಚ್ಚಿದರು. ಆಮೇಲೆ ಚಿಕ್ಕಮ್ಮ ಬಗ್ಗಿ, ಸೀರೆಯ ಅಂಚಿನ ಕೆಳಗೆ ಇಣುಕುತ್ತಿದ್ದ ಪಾದ ನೋಡಿದರು. ನನ್ನ ಪಾದ ನೋಡಿದರು. ನಾನು ಅವನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಹಾಗೆ ಎಳೆದುಕೊಂಡದ್ದೇ ತಪ್ಪೊಪ್ಪಿಗೆಯಾಯಿತು.

"ಈ ಹುಬ್ಬು ನನಗೆ ಗೊತ್ತು" ಅಂದರು ಚಿಕ್ಕಮ್ಮ. "ಇವನು ನನ್ನನ್ನ ಆಡಿಕೊಳ್ಳೋವಾಗ ಹೀಗೇ ಎತ್ತೋದು."

"ಭಂಗಿಗೆ ಮಾತ್ರ ಕಣೇ" ಎಂದು ಚಿಕ್ಕಪ್ಪ ತೊದಲಿದರು. "ಮಿಕ್ಕಿದ್ದೆಲ್ಲ ನೆನಪಿಂದಲೇ. ನೀನೇ ಬಂದು ಕೂತಿದ್ರೆ..."

"ಕೂತಿದ್ದೆನಲ್ಲ ಒಂದಿನ. ನೀವು ಗೊರಸು ನೋಡ್ತಿದ್ರಿ."

ಚಿಕ್ಕಪ್ಪ ತಲೆಯೆತ್ತಿ ಸುತ್ತ ನೋಡಿದರು. ಗೋಡೆಯ ಏಳು ಕುದುರೆಗಳೂ ಅವರ ಸಹಾಯಕ್ಕೆ ಬರಲಿಲ್ಲ. ನಾನು ಏನಾದರೂ ತಮಾಷೆ ಮಾಡಬೇಕೆಂದು ಬಾಯಿ ತೆರೆದೆ, ಚಿಕ್ಕಮ್ಮ ಹುಬ್ಬೆತ್ತಿದರು. ನನ್ನದಕ್ಕಿಂತ ಎರಡು ಬೆರಳು ಮೇಲೆ. ಬಾಯಿ ಮುಚ್ಚಿಕೊಂಡೆ.

ಅವರು ಮತ್ತೆ ಎಳ್ಳುಬೆಲ್ಲದ ತಟ್ಟೆಯ ಮುಂದೆ ಕೂತು, ತಲೆಯೆತ್ತದೆ ಅಂದರು:

"ಕುದುರೆಗೆ ನಾಲ್ಕು ಕಾಲೂ ಸರಿಯಾಗಿ ಬರ್ದಿದೀರಿ. ನನಗಿರೋದು ಎರಡು, ಅವೂ ಇವನವು. ಮೇಲಿರೋಳನ್ನ ಅಳಿಸಿ, ನಾಳೆ ನಾನೇ ಹತ್ತುತ್ತೀನಿ. ಈ ಸಲ ಮುಖದಿಂದ ಶುರು ಮಾಡ್ಕೊಂಡು ಕೆಳಗೆ ಬನ್ನಿ. ಇವನ ಬಾಯಿಗೆ ಎಳ್ಳುಬೆಲ್ಲ ನಾನು ತುಂಬ್ತೀನಿ."