ಒಂದೂವರೆ ಸುತ್ತು ತೆರೆದ ವಾಲ್ವ್

೨೦೦೯ರಲ್ಲಿ ನಾನು ರೋಣದಲ್ಲಿ ಪಂಪ್‌ಸೆಟ್ ಮತ್ತು ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದೆ. ಗಜೇಂದ್ರಗಡದ ಹಸನಸಾಬ ನನ್ನ ಪಾಲುದಾರ, ನನಗಿಂತ ಆರು ವರ್ಷ ದೊಡ್ಡವನು. ಆ ಮಳೆಗಾಲ ಮಲಪ್ರಭೆ ಏರತೊಡಗಿದಾಗ ಪರಊರಿನ ಗುತ್ತಿಗೆದಾರನೊಬ್ಬ ಜನರನ್ನು ದಾಟಿಸಲು ಹೊಳೆಆಲೂರಿಗೆ ಹಳೆಯ ಜೆಟ್ ಬೋಟ್ ತಂದ. ಅದನ್ನು ಸಜ್ಜು ಮಾಡಿದ ದಿನವೇ ನಾವಿಬ್ಬರೂ ಕೂಡಿ ಕೆಲಸ ಮಾಡಿದ ಕೊನೆಯ ದಿನ.

ಜೆಟ್ ಬೋಟಿಗೆ ಹೊರಗೆ ಚಾಚಿದ ಪ್ರೊಪೆಲ್ಲರ್ ಇರುವುದಿಲ್ಲ. ಒಳಗಿನ ಪಂಪು ಹೊಳೆಯ ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸುತ್ತದೆ. ಅದೇ ಪಂಪಿನಿಂದ ಸಣ್ಣ ಪೈಪೊಂದು ಎಕ್ಸಾಸ್ಟ್ ಹೆಡರ್‌ಗಳಿಗೆ, ಅಂದರೆ ಇಂಜಿನ್ನಿನ ಬಿಸಿ ಹೊಗೆ ಹಾಯುವ ಜೋಡುಗೋಡೆಯ ಕೊಳವೆಗಳಿಗೆ, ತಣ್ಣೀರು ಒಯ್ಯುತ್ತದೆ. ಕಡೆಗೆ ಆ ನೀರು ಹೊಗೆಯ ಜೊತೆ ಹೊರಬೀಳುತ್ತದೆ. ನೀರು ಕಡಿಮೆಯಾದರೆ ಹೆಡರ್ ಕೆಂಪಗೆ ಕಾಯುತ್ತದೆ. ಹೆಚ್ಚಾದರೆ ಒತ್ತಡಕ್ಕೆ ಬೆಸುಗೆ ಬಿಡುತ್ತದೆ. ನಡುವೆ ಸುತ್ತಿ ತೆರೆಯುವ ಒಂದು ಗೇಟ್ ವಾಲ್ವ್ ಕೂಡಿಸಿ ಹದ ಹುಡುಕಿದೆವು.

ನಮ್ಮ ಬಳಿ ಶಾಖ ಅಳೆಯುವ ಮೀಟರ್ ಇರಲಿಲ್ಲ. ಹಸನಣ್ಣ ಹೆಡರ್ ಮೇಲೆ ಅಂಗೈ ಇಟ್ಟು ಮೂರು ಎಣಿಸುತ್ತಿದ್ದ.

"ನೀ ಮುಟ್ಟಬ್ಯಾಡೋ ಶಿವ್ಯಾ. ಕೈ ಸುಟಗೊಂಡ್ರ ನಾಳೆ ನಿಮ್ಮನ್ಯಾಗ ರೊಟ್ಟಿ ಬಡಿಯಾವ್ರು ಯಾರು?"

"ನಿನ್ನಂಗ ದಿನಾ ಬೈಸಿಕೊಂಡು ಉಣ್ಣೂದಕ್ಕಿಂತ ಅದ ಚಲೋ ಬಿಡಪಾ," ಎಂದೆ.

ಸಂಜೆಗೆ ಹದ ಸಿಕ್ಕಿತು. "ಒಂದೂವರಿ ಸುತ್ತು. ಹೆಚ್ಚಿಲ್ಲ, ಕಡಿಮಿಲ್ಲ," ಎಂದು ಅವನು ಸ್ಟೇಷನ್ ಕಡೆ ಚಹಾಕ್ಕೆ ಹೋದ. ನಾನು ಇಂಜಿನ್ ಬಂದ್ ಮಾಡಿ, ವಾಲ್ವನ್ನೂ ಮುಚ್ಚಿ, ಗ್ಯಾಸ್ಕೆಟ್ ತರಲು ರೋಣಕ್ಕೆ ಹೊರಟೆ.

ಪಂಪ್‌ಸೆಟ್ಟಿನವರು ಹಾಗೆಯೇ ಮಾಡುತ್ತಾರೆ. ವಾಲ್ವ್ ಮುಚ್ಚಿ ನಿಲ್ಲಿಸುತ್ತೇವೆ, ಮುಚ್ಚಿಯೇ ಚಾಲು ಮಾಡುತ್ತೇವೆ, ಇಂಜಿನ್ ವೇಗ ಹಿಡಿದ ಮೇಲೆ ನಿಧಾನಕ್ಕೆ ತೆರೆಯುತ್ತೇವೆ. ಮುಚ್ಚಿದ ವಾಲ್ವ್ ಕಂಡರೆ ನಮ್ಮ ಕಣ್ಣಿಗೆ ಅದೇ ಸರಿ. ಈ ಬೋಟಿನಲ್ಲಿ ಮಾತ್ರ ಅದು ಮುಚ್ಚಿದ್ದರೆ ಹೆಡರಿಗೆ ನೀರಿಲ್ಲ.

ಮರುದಿನ ಎಂಟಕ್ಕೆ ನಾನು ದಂಡೆಗೆ ಬಂದಾಗ ಹೊಳೆ ಕಾಣುತ್ತಿರಲಿಲ್ಲ, ಮಂಜು ಅಷ್ಟು ದಟ್ಟವಾಗಿತ್ತು. ಹೊಲದ ಮನೆಯ ಮಾಳಿಗೆ ಮೇಲೆ ಸಿಕ್ಕಿಬಿದ್ದ ಗುರುಸಿದ್ದವ್ವ ಎಂಬ ಮುದುಕಿಯನ್ನು ಕರೆತರಲು ಹಸನಣ್ಣ ನಸುಕಿನಲ್ಲೇ ಒಬ್ಬನೇ ಹೋಗಿದ್ದ. ನಾನು ಮುಚ್ಚಿಟ್ಟ ವಾಲ್ವ್ ನೆನಪಾಯಿತು; ಅದನ್ನು ಅವನಿಗೆ ಹೇಳಿರಲಿಲ್ಲ. ಅಷ್ಟರಲ್ಲಿ ಮಂಜಿನೊಳಗಿಂದ ಇಂಜಿನ್ ಸದ್ದು ಕೇಳಿತು. ಹೆಡರ್‌ನಲ್ಲಿ ನೀರಿಲ್ಲದಿದ್ದರೆ ಸದ್ದು ಪಟಪಟ ಒಡೆಯುತ್ತದೆ. ಇದು ಗಳಗಳ ಎನ್ನುವ ಮೆತ್ತಗಿನ ಸದ್ದು. ವಾಲ್ವ್ ತೆರೆದಿದ್ದಾನೆ ಎಂದು ಸಮಾಧಾನವಾಯಿತು.

ಸದ್ದು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಮಧ್ಯಾಹ್ನದವರೆಗೂ ಒಂದೇ ಕಡೆಯಿಂದ ಕೇಳಿಬರುತ್ತಿತ್ತು. ದಂಡೆಯಲ್ಲಿದ್ದವರೆಲ್ಲ ಕೇಳಿದರು.

ಮಂಜು ಹರಿದಾಗ ಬೋಟು ಇರಲಿಲ್ಲ. ಗುರುಸಿದ್ದವ್ವನನ್ನು ತೆಪ್ಪದವರು ಕರೆತಂದರು.

"ನಸಕಿನ್ಯಾಗ ಬಂದಿದ್ನಪಾ," ಎಂದಳು. "ಮಾಳಿಗಿ ಸನೇಕ ಬರೂದ್ರಾಗ ಮಶೀನ ಪಟಪಟ ಅಂದು ನಿಂತಬಿಡ್ತು. ನೀರು ಎಳಕೊಂಡು ಹೊಂಟಾಗ ಕೈ ಎತ್ತಿ, 'ಅಲ್ಲೇ ಇರ್ರಿ ಅವ್ವಾ, ಬರ್ತೀನಿ' ಅಂದಾ."

"ಆಮ್ಯಾಲೆ ಚಾಲು ಆತೇನು?"

"ಇಲ್ಲ. ಆಮ್ಯಾಲೆ ಏನೂ ಸಪ್ಪಳಿಲ್ಲ."

ದಂಡೆಯಲ್ಲಿ ನಾವು ಆ ಸದ್ದು ಕೇಳಿದ್ದು ಅದಾದ ಮೇಲೆ, ಎಂಟರಿಂದ ಮಧ್ಯಾಹ್ನದವರೆಗೆ.

ಮೂರು ದಿನಕ್ಕೆ ಬೋಟು ಹೊಳೆಯ ಕೆಳಹರಿವಿನಲ್ಲಿ ಜಾಲಿ ಗಿಡಗಳ ನಡುವೆ ಖಾಲಿಯಾಗಿ ಸಿಕ್ಕಿತು. ಕೆಂಪಗೆ ಕಾದ ಹೆಡರಿಗೆ ಒಮ್ಮೆಲೆ ತಣ್ಣೀರು ನುಗ್ಗಿ ಅದು ಉದ್ದಕ್ಕೆ ಸೀಳಿತ್ತು. ನೀರು ಸಿಲಿಂಡರಿಗೆ ಇಳಿದು ಇಂಜಿನ್ ಬಿಗಿದುಕೊಂಡಿತ್ತು. ಹೆಡರಿನ ಸುಟ್ಟ ಪೇಂಟಿನ ಮೇಲೆ ಒಂದು ಅಂಗೈ, ಐದು ಬೆರಳಿನ ಗುರುತು ಸ್ಪಷ್ಟವಾಗಿತ್ತು. ನಾನು ವಾಲ್ವನ್ನು ಮುಚ್ಚುತ್ತ ಎಣಿಸಿದೆ. ಸರಿಯಾಗಿ ಒಂದೂವರೆ ಸುತ್ತು.

ಗಜೇಂದ್ರಗಡಕ್ಕೆ ಹೋಗಿ ಅವನ ಹೆಂಡತಿ ಖೈರೂನ್ ವೈನಿಗೆ ಎಲ್ಲ ಹೇಳಿದೆ. "ವಾಲ್ವ್ ಮುಚ್ಚಿದಾಂವ ನಾನರಿ ವೈನಿ."

ಅವಳು ಕೇಳಿದಳು, "ಅವರು ತೆಗದಿದ್ರಿಲ್ಲೋ?"

"ತೆಗದಿದ್ದಾ."

"ಹಂಗಾರ ಯಾರು ಮುಚ್ಚ್ಯಾರ ಅನ್ನೂದು ಅವರಿಗೆ ತಿಳದಿತ್ತು."

ತಲೆ ಬೇರೆ ಕಡೆ ಇದ್ದಾಗಲೂ ಕೈ ತಾನೇ ಮಾಡಿಬಿಡುವ ಕೆಲಸವನ್ನು ನಂಬಬಾರದು ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಕಲಿತದ್ದು ತಡವಾಗಿ.

ಗಜೇಂದ್ರಗಡದ ಖಬರಸ್ತಾನದಲ್ಲಿ ಅವನ ಗೋರಿ ಇಲ್ಲ. ಹಸನಣ್ಣ ಇನ್ನೂ ಸಿಕ್ಕಿಲ್ಲ.