ಹೋಮದ ಮುಂದೆ ಹೇಳಿದ ನಿಜ

ಲಂಡನ್ನಿಗೆ ಹೋಗಿ ಬಂದವಳು ಅಂತ ಕೃಷ್ಣಮೂರ್ತಿಪುರಂನಲ್ಲಿ ನನಗೆ ಸ್ವಲ್ಪ ಕಾಲ ಭಾರಿ ಮರ್ಯಾದೆ ಇತ್ತು. ಸೊಪ್ಪಿನವಳು ಕೂಡ ಬುಟ್ಟಿ ಇಳಿಸಿ, "ಅಲ್ಲೂ ದಂಟಿನ ಸೊಪ್ಪು ಸಿಕ್ತದಾ ಅವ್ವಾ?" ಎಂದು ಕೇಳುತ್ತಿದ್ದಳು. ಈಗಲೂ ಮದುವೆ ಮನೆಗಳಲ್ಲಿ ಯಾರಾದರೂ ಆ ಪ್ರವಾಸದ ಮಾತೆತ್ತಿದರೆ ಎದ್ದು ಹೋಗಿ ಬೇರೆ ಕಡೆ ಕೂರುತ್ತೇನೆ. ಜಂಬ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಸ್ವಾತಂತ್ರ್ಯ ಬಂದು ಎಂಟೊಂಬತ್ತು ವರ್ಷವಾಗಿತ್ತು. ನಮ್ಮ ಯಜಮಾನರು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹೆಚ್ಚಿನ ತರಬೇತಿಗೆ ಅವರನ್ನು ಆರು ತಿಂಗಳು ಲಂಡನ್ನಿಗೆ ಕಳಿಸಿದರು. ಮಗನನ್ನು ಒಬ್ಬನೇ ಬಿಟ್ಟರೆ ಯಾವಳಾದರೂ ಬಿಳಿಯವಳು ಗಂಟು ಬೀಳುತ್ತಾಳೆಂದು ಹೆದರಿ ನಮ್ಮತ್ತೆ ನನ್ನನ್ನೂ ಜೊತೆಗೆ ಹೊರಡಿಸಿದರು. ಕಾವಲಿಗೆ ಕಳಿಸಿದ್ದಾದರೂ ನನಗೆ ಸಂತೋಷವೇ ಆಯಿತು, ಏಕೆಂದರೆ ನನ್ನ ಗೆಳತಿ ಅಲ್ಲಿದ್ದಳು. ಅಗ್ರಹಾರದಲ್ಲಿ ನಮ್ಮ ತವರುಮನೆಗೆ ಎದುರುಮನೆ ಅವಳದು. ಡಾಕ್ಟರನ್ನು ಮದುವೆಯಾಗಿ ಆ ಸೀಮೆಗೆ ಹೋಗಿ ಐದಾರು ವರ್ಷವಾಗಿತ್ತು. ನಾನು ಹೊರಡುವ ಸುದ್ದಿ ಕೇಳಿ ಅವಳ ತಾಯಿ ಹುಣಸೆಹಣ್ಣು, ಹುಳಿಪುಡಿ ತಂದುಕೊಟ್ಟರು. ಬೆಟ್ಟದ ಚಾಮುಂಡಿಯ ಕುಂಕುಮವನ್ನು ಮಾತ್ರ ಸೊಸೆಯ ಕೈಯಿಂದ ಕೊಡಿಸಿದರು. ವಿಧವೆಯಾದ ಅವರು ಅದನ್ನು ಮುಟ್ಟುವಂತಿರಲಿಲ್ಲ.

ಲಂಡನ್ನಿನಲ್ಲಿ ನಾವು ನೋಡದೆ ಬಿಟ್ಟ ಜಾಗವಿಲ್ಲ. ಭಾನುವಾರ ಬಂತೆಂದರೆ ಯಜಮಾನರು ಮುಂದೆ, ನಾನು ಹತ್ತು ಮಾರು ಹಿಂದೆ. ಅರಮನೆಯ ಕಾವಲುಗಾರರ ಕವಾಯತು ನೋಡಿ, "ನಮ್ಮ ದಸರಾ ಮುಂದೆ ಇದೇನು ಮಹಾ" ಎಂದರು. ಅವರ ದೊಡ್ಡ ಹೊಳೆ ನೋಡಿ ಕಾವೇರಿಯ ಗುಣಗಾನ ಮಾಡಿದರು. ಒಂದು ಮ್ಯೂಸಿಯಮ್ಮಿನಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಸುಲ್ತಾನನ ಮರದ ಹುಲಿ ನಿಂತಿತ್ತು. ಅದು ಬಿಳಿ ಸಿಪಾಯಿಯ ಕತ್ತು ಹಿಡಿದದ್ದನ್ನು ಕಂಡು ನನಗೆ ಸಮಾಧಾನವಾಯಿತು. ಮನೆಯಿಂದ ಹತ್ತು ಮೈಲಿಯಾಚೆಯ ಊರಿನ ಸಾಮಾನು ನೋಡುವುದಕ್ಕೆ ಏಳು ಸಮುದ್ರ ದಾಟಬೇಕಾಯಿತಲ್ಲ ಎಂದು ರೇಗಿಯೂ ರೇಗಿತು.

ಎರಡನೆಯ ವಾರ ಗೆಳತಿಯ ಮನೆಗೆ ಹೋದೆವು. ಮನೆಯೆಂದರೆ ಮೂರು ಮಹಡಿ ಹತ್ತಿದ ಮೇಲೆ ಒಂದು ಕೋಣೆ, ಮೂಲೆಯಲ್ಲಿ ಗ್ಯಾಸಿನ ಒಲೆ. ಕೆಂಪು ಉಣ್ಣೆ ಅಂಗಿ, ಹಣೆಯಲ್ಲಿ ಬೊಟ್ಟು, ಅದೇ ನಗು. ನಾನು ತಂದ ಹುಣಸೆಹಣ್ಣಿನಲ್ಲೇ ಸಾರು ಮಾಡಿ ಬಡಿಸಿದಳು. ಡಾಕ್ಟರೆಲ್ಲಿ ಎಂದು ಯಜಮಾನರು ಕೇಳಿದಾಗ ಇನ್ನೊಂದು ಸೌಟು ಸಾರು ಹಾಕಿದಳು. ಹೊರಡುವಾಗ ನಾನು ಪೊಟ್ಟಣ ಬಿಚ್ಚಿ ಕುಂಕುಮ ಇಡಲು ಹೋದರೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ತಾಳೇ. ಹೇಳ್ಬೇಕು ಅಂತಿದ್ದೆ. ಅವರು ತೀರಿಹೋಗಿ ಒಂದೂವರೆ ವರ್ಷ ಆಯ್ತು."

ಯಜಮಾನರು ಕಿಟಕಿಯ ಕಡೆ ತಿರುಗಿದರು. ಅವಳೇ ಮಾತಾಡಿದಳು. ಆಸ್ಪತ್ರೆಯ ಕಚೇರಿಯೊಂದರಲ್ಲಿ ಟೈಪಿಂಗ್ ಕೆಲಸ ಸಿಕ್ಕಿದೆ. ಸಂಜೆ ಓದುತ್ತಿದ್ದಾಳೆ, ಇನ್ನೊಂದು ವರ್ಷ ಕಳೆದರೆ ಮಕ್ಕಳ ಶಾಲೆಯಲ್ಲಿ ಮೇಡಂ ಆಗಬಹುದು. ಊರಲ್ಲಿ ಯಾರಿಗೂ ತಿಳಿಸಿಲ್ಲ, ಡಾಕ್ಟರ ಕಡೆ ಕೇಳುವವರೂ ಯಾರೂ ಇಲ್ಲ.

"ಅಣ್ಣಂಗೆ ಗೊತ್ತಾದ್ರೆ ಕರ್ಕೊಂಡ್ಹೋಗಿ ಮೂಲೇಲಿ ಕೂರಿಸ್ತಾನೆ. ನಮ್ಮ ಸೋದರತ್ತೆಗೆ ಮಾಡಿದ್ದು ನೀನೂ ನೋಡಿದೀಯಲ್ಲ."

ನೋಡಿದ್ದೆ. ಇಪ್ಪತ್ತು ತುಂಬದ ಆಕೆಯನ್ನು ಹಿತ್ತಲಲ್ಲಿ ಕೂರಿಸಿ ತಲೆ ಬೋಳಿಸಲು ನಾಪಿತನನ್ನು ಕರೆಸಿದ ದಿನ, ನಾವಿಬ್ಬರೂ ಬಾವಿಕಟ್ಟೆಯ ಹಿಂದೆ ಕೈ ಕೈ ಹಿಡಿದು ನಿಂತಿದ್ದೆವು.

"ಮತ್ತೆ ಈ ಬೊಟ್ಟು?" ಎಂದೆ.

"ಬೊಟ್ಟು ನಂದು ಕಣೇ. ಮದುವೆಗೆ ಮುಂಚೆಯಿಂದ ಇಟ್ಟವಳು ನಾನು."

ನಾನು ಕುಂಕುಮ ಇಟ್ಟೇಬಿಟ್ಟೆ. ಇಬ್ಬರೂ ಅತ್ತೆವು. ಮೆಟ್ಟಿಲಿಳಿಯುವಾಗ ಯಜಮಾನರ ಕೈಯಲ್ಲಿ ಭಾಷೆ ತೆಗೆದುಕೊಂಡೆ. "ನನಗೇನು ಬಾಯಿಚಪಲವೇ?" ಎಂದು ಗದರಿದರು. ಆಮೇಲೆ ಎಷ್ಟೋ ಭಾನುವಾರ ಅವಳು ನಮ್ಮೊಡನೆ ಊರು ಸುತ್ತಿದಳು. ಮಳೆ ಬಂದರೆ ಕೊಡೆಯಿಲ್ಲದೆ ನಡೆಯುತ್ತಿದ್ದಳು. ಯಾರ ಅಪ್ಪಣೆಯೂ ಇಲ್ಲದೆ ಬಸ್ಸು ಹತ್ತಿ ಇಳಿಯುವ ಅವಳನ್ನು ನೋಡುವುದೇ ನನಗೆ ಒಂದು ಪ್ರೇಕ್ಷಣೀಯ ಸ್ಥಳವಾಯಿತು.

ಮೈಸೂರಿಗೆ ಬಂದ ಎಂಟು ದಿನಕ್ಕೆ ಮಾವನವರ ತಿಥಿ. ಸಮುದ್ರ ದಾಟಿ ಬಂದವನು ಪ್ರಾಯಶ್ಚಿತ್ತ ಮಾಡಿಕೊಳ್ಳದೆ ಶ್ರಾದ್ಧಕ್ಕೆ ಕೂತರೆ ವೈದಿಕರು ಎಲೆ ಮುಟ್ಟುವುದಿಲ್ಲವೆಂದು ಅತ್ತೆ ಹಠ ಹಿಡಿದರು. ವಿಜ್ಞಾನದ ಮೇಷ್ಟ್ರು ತುಟಿ ಪಿಟಕ್ಕೆನ್ನದೆ ಒಪ್ಪಿದರು. ನಡುಮನೆಯಲ್ಲಿ ಹೋಮ, ಹೊಸ ಜನಿವಾರ, ಪಂಚಗವ್ಯ. ಪುರೋಹಿತರು ಅಗ್ನಿಯ ಮುಂದೆ ಕೂರಿಸಿ ಒಂದೊಂದೇ ಕೇಳುತ್ತ ಬಂದರು. ಅಭಕ್ಷ್ಯ ಭಕ್ಷಣ ಆಯಿತೋ?

"ಇಲ್ಲ," ಎಂದರು ಯಜಮಾನರು, ಕಣ್ಣು ಮಿಟುಕಿಸದೆ. ಹಡಗಿನಲ್ಲಿ ದಿನಾ ಬೆಳಿಗ್ಗೆ ಮೆಣಸಿನಪುಡಿ ಉದುರಿಸಿಕೊಂಡು ಆಮ್ಲೆಟ್ ತಿಂದವರು ಇವರೇ. "ಇದರಲ್ಲಿ ಜೀವ ಇರಲ್ಲ ಕಣೇ" ಎಂದು ನನಗೇ ಪಾಠ ಹೇಳಿದ್ದರು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

"ಹೊರಗಡೆ ಎಲ್ಲಾದರೂ ಊಟ?"

"ಒಂದೇ ಮನೆ. ನಮ್ಮವರದೇ, ಅಗ್ರಹಾರದ ಹುಡುಗಿ."

ಆ ಪುರೋಹಿತರೇ ಗೆಳತಿಯ ತವರಿಗೂ ಪುರೋಹಿತರು. ಮುಖ ಅರಳಿತು. "ಓಹೋ, ಆ ಮಗು! ಮುತ್ತೈದೆ ಕೈ ಅಡುಗೆ, ದೋಷವೇ ಇಲ್ಲ ಬಿಡಿ," ಎಂದರು. ಯಾರೂ ಏನೂ ಕೇಳಿರಲಿಲ್ಲ. ಅವರು ಮುಂದಿನ ಮಂತ್ರಕ್ಕೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಯಜಮಾನರು ಗಂಟಲು ಸರಿಮಾಡಿಕೊಂಡು, "ಹಾಗಲ್ಲ, ಅಗ್ನಿಯ ಮುಂದೆ ಮುಚ್ಚಿಡಬಾರದು," ಎಂದು ಶುರುಮಾಡಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಸೆರಗು ಎಳೆದುಕೊಳ್ಳುವಂತೆ ಮಾಡಿ ಮೊಣಕೈಯಿಂದ ತಿವಿದೆ. ತಿವಿದದ್ದೂ ಅವರಿಗೆ ಗೊತ್ತಾಯಿತು. ಆದರೂ ಪೂರ್ತಿ ಹೇಳಿ ಮುಗಿಸಿದರು.

ರಾತ್ರಿಯವರೆಗೆ ಕಾಯದೆ ಅಡುಗೆಮನೆಯಲ್ಲೇ ಹಿಡಿದು ಕೇಳಿದೆ.

"ಅಗ್ನಿಸಾಕ್ಷಿಯಾಗಿ ಸುಳ್ಳು ಹೇಳಕ್ಕಾಗತ್ತೇನೇ?" ಎಂದರು.

"ಮತ್ತೆ ಆಮ್ಲೆಟ್ಟು?"

"ಅದು ಆಪದ್ಧರ್ಮ. ನಿನಗೆ ಶಾಸ್ತ್ರ ಗೊತ್ತಾಗಲ್ಲ."

ಸುದ್ದಿ ಅಗ್ರಹಾರ ಮುಟ್ಟುವುದಕ್ಕೆ ಪುರೋಹಿತರು ಸೈಕಲ್ ತುಳಿದಷ್ಟೇ ಹೊತ್ತು. ಅಳಿಯ ಸತ್ತ ಸುದ್ದಿ ಕೇಳಿದ ಮೇಲೆ ಮನೆಯವರಿಗೆ ಸ್ನಾನವಾದರೂ ಆಗಬೇಕಲ್ಲ ಎಂದು ಅವರ ನ್ಯಾಯ. ಅವಳ ಅಣ್ಣ ತಲೆಗೆ ನೀರು ಹಾಕಿಕೊಂಡು ನೆಟ್ಟಗೆ ತಂತಿ ಆಫೀಸಿಗೆ ಹೋದ. ತಾಯಿಗೆ ಪ್ರಾಣದ ಮೇಲೆ ಬಂದಿದೆ, ಕೂಡಲೇ ಹೊರಡು, ಎಂದು ತಂತಿ ಕೊಟ್ಟ. ಅವಳು ಇದ್ದಬದ್ದದ್ದೆಲ್ಲ ಹಾಕಿ ವಿಮಾನ ಹತ್ತಿ ಬಂದಳು. ಮನೆ ಬಾಗಿಲಲ್ಲಿ ಜಟಕಾ ನಿಂತಾಗ, ಸಾಯುತ್ತಿದ್ದ ತಾಯಿ ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದರು. ಪಾಪ, ಆಕೆಗೆ ತಂತಿಯ ವಿಷಯವೇ ತಿಳಿದಿರಲಿಲ್ಲ. ಪಾಸ್‌ಪೋರ್ಟು ಅಣ್ಣನ ಬೀರುವಿಗೆ ಸೇರಿತು, ಬೀಗದ ಕೈ ಅವನ ಜನಿವಾರಕ್ಕೆ.

ಕೂದಲು ಮಾತ್ರ ತೆಗೆಸಲಿಲ್ಲ. ಕಾಲ ಬದಲಾಗಿದೆ, ನಾವು ಅಷ್ಟು ಹಿಂದುಳಿದವರಲ್ಲ ಎಂದು ಅಣ್ಣ ಬೀದಿಯಲ್ಲೆಲ್ಲ ಹೇಳಿಕೊಂಡ. ಆ ಮಾತಿಗೆ ತಲೆದೂಗಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತಿಂಗಳಾದ ಮೇಲೆ ನಾನು ಅವಳನ್ನು ನೋಡಲು ಹೋದೆ. ಅಡುಗೆಮನೆಯಲ್ಲಿ ಈಳಿಗೆಮಣೆ ಮುಂದೆ ಕೂತಿದ್ದಳು. ಸಪ್ಪೆ ಬಣ್ಣದ ಸೀರೆ, ಬರಿ ಹಣೆ. ಹೊರಗೆ ಅಣ್ಣನ ಮಕ್ಕಳು ತಿಂಡಿಗೆ ಕೂಗುತ್ತಿದ್ದವು. ನಾನು ಬರಲೇಬಾರದಿತ್ತು ಅನ್ನಿಸಿತು, ಬರದಿರಲೂ ಆಗುತ್ತಿರಲಿಲ್ಲ. ನಾನು ಹೇಳಿದ್ದಲ್ಲ ಕಣೇ ಎಂದೆ. ತಲೆಯೆತ್ತಲಿಲ್ಲ.

"ಗೊತ್ತು. ನಿಮ್ಮೆಜಮಾನ್ರು ಬಾಳ ಸತ್ಯವಂತರು ಅಂತ ಅಣ್ಣ ಬಂದೋರ ಹತ್ರ ಎಲ್ಲಾ ಹೊಗಳ್ತಾನೆ," ಎಂದಳು, ಕುಂಬಳಕಾಯಿ ಹೆಚ್ಚುತ್ತಲೇ.

ನಾನು ಮನೆಗೆ ಬಂದೆ. ಊಟದ ಹೊತ್ತಾಗಿತ್ತು. ಸತ್ಯವಂತರು ಎಲೆ ಹಾಕಿಕೊಂಡು ಕೂತಿದ್ದರು. ಬಡಿಸಿದೆ.